ಎಕ್ಸ್‌ರೇ ಮಾವ

ನಮ್ಮ ಬೀದಿಯಲ್ಲಿ ಯಾರಾದರೂ ಕೈಕಾಲು ಮುರಿದುಕೊಂಡರೆ ಎಕ್ಸ್‌ರೇ ಮಾವನ ಮುಖ ಅರಳುತ್ತದೆ. ‘ಫಿಲ್ಮ್ ಕೊಟ್ಟಿದ್ದಾರೇನೋ? ತಗೊಂಡು ಬಾ’ ಎಂದು ಅದನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿಯುತ್ತಾರೆ. ಮುರಿದ ಮೂಳೆಯ ಬಗ್ಗೆ ಒಂದು ಮಾತಿಲ್ಲ. ‘ಕೆವಿ ಜಾಸ್ತಿ ಕೊಟ್ಟಿದ್ದಾನೆ, ಕಾಂಟ್ರಾಸ್ಟೇ ಇಲ್ಲ’ ಎಂಬ ತೀರ್ಪು ಬರುತ್ತದೆ. ಬ್ಯಾಂಡೇಜು ಸುತ್ತಿಕೊಂಡವನು ತಾನೇ ಸರಿಯಾಗಿ ಬೀಳಲಿಲ್ಲವೇನೋ ಎಂದು ಸಂಕೋಚಪಡುತ್ತಾನೆ.

ಮನೆಯಲ್ಲೇ ಎಕ್ಸ್‌ರೇ ಫೋಟೋ ತೆಗೆಯಬೇಕೆಂಬುದು ಮಾವ ರಿಟೈರಾದಾಗಿನಿಂದ ಹಿಡಿದ ಹಟ. ಮಹಡಿ ಕೋಣೆಯ ತುಂಬ ಎಸ್.ಪಿ. ರಸ್ತೆಯಿಂದ ಹೊತ್ತು ತಂದ ಟ್ರಾನ್ಸ್‌ಫಾರ್ಮರುಗಳು, ರೇಡಿಯೋ ವಾಲ್ವುಗಳು, ಹಳೇ ಫ್ರಿಜ್ಜಿನ ಕಂಪ್ರೆಸರು. ಫೋಟೋ ಮಾತ್ರ ಒಂದೂ ಬಂದಿಲ್ಲ. ಬೀದಿಯವರ ಪುಣ್ಯ.

1895ರ ನವೆಂಬರ್ 8ರ ಸಂಜೆ ವೂರ್ಟ್ಸ್‌ಬರ್ಗಿನಲ್ಲಿ ರಾಂಟ್‌ಜೆನ್ ಈ ಕಿರಣಗಳನ್ನು ಕಂಡದ್ದನ್ನು ಮಾವ ಪಕ್ಕದಲ್ಲೇ ನಿಂತು ಲಾಟೀನು ಹಿಡಿದಿದ್ದವರ ಧಾಟಿಯಲ್ಲಿ ಹೇಳುತ್ತಾರೆ. ಮರುವರ್ಷವೇ ಯುರೋಪು, ಅಮೆರಿಕದ ಹವ್ಯಾಸಿಗಳು ಕ್ರೂಕ್ಸ್ ಕೊಳವೆ, ಇಂಡಕ್ಷನ್ ಕಾಯಿಲು ಕೊಂಡು ಮನೆಮನೆಯಲ್ಲೂ ಕೈ ಮೂಳೆಯ ಚಿತ್ರ ತೆಗೆದರಂತೆ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಇದೇ ಕಿರಣಗಳಿಂದ ಕೈಗಳನ್ನು ಕಳೆದುಕೊಂಡು 1904ರಲ್ಲಿ ಸತ್ತ ಸಂಗತಿ ಎತ್ತಿದರೆ ಮಾತ್ರ ಅವರಿಗೆ ಕಾಫಿ ನೆನಪಾಗುತ್ತದೆ.

‘ರಾಂಟ್‌ಜೆನ್ ಹೆಂಡತಿ ಉಂಗುರದ ಸಮೇತ ಕೈ ಚಾಚಿ ಕಾಲು ಗಂಟೆ ಅಲ್ಲಾಡದೆ ಕೂತಿದ್ದಳು ಕಣೇ’ ಎಂದು ಒಮ್ಮೆ ಅತ್ತೆಗೆ ಹೇಳಿದರು.

‘ಆಕೆಗೆ ಒಲೆ ಮೇಲೆ ಹಾಲಿಟ್ಟಿರಲಿಲ್ಲ ಅಂತ ಕಾಣುತ್ತೆ’ ಎಂದು ಅತ್ತೆ ಒಳಗೆ ಹೋದರು.

ಮಾವನನ್ನು ತಡೆದದ್ದು ಮಾತ್ರ ಅತ್ತೆಯಲ್ಲ, ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಎಕ್ಸ್‌ರೇ ಯಂತ್ರ ನಡೆಸಲು ಅದರ ಪರವಾನಗಿ ಬೇಕು, ಕೋಣೆಯ ನಕ್ಷೆ ಬೇಕು, ತರಬೇತಾದವರು ಬೇಕು. ಅಷ್ಟರಲ್ಲಿ ಮಾವನಿಗೆ ಇನ್ನೊಂದು ಸುದ್ದಿ ಸಿಕ್ಕಿತು: 2008ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಅಂಟು ಟೇಪನ್ನು ಬಿಡಿಸಿ, ಹೊಮ್ಮಿದ ಕಿರಣದಿಂದ ಬೆರಳಿನ ಎಕ್ಸ್‌ರೇ ತೆಗೆದಿದ್ದರು. ಟೇಪಿಗೆ ಪರವಾನಗಿ ಬೇಕಿಲ್ಲವಲ್ಲ! ಅಂಗಡಿಯಲ್ಲಿದ್ದ ಟೇಪೆಲ್ಲ ಖರ್ಚಾಯಿತು. ನಡುರಾತ್ರಿ ಮಹಡಿಯಿಂದ ಚರ್ರ್, ಚರ್ರ್. ಕಂಪ್ರೆಸರು ಅಷ್ಟು ಗಾಳಿ ಹೀರಲಾರದೆ ಕೈಯೆತ್ತಿತು. ಕತ್ತಲಲ್ಲಿ ಟೇಪು ಕಿತ್ತಲ್ಲಿ ನಸುನೀಲಿ ಬೆಳಕೇನೋ ಕಂಡಿತಂತೆ. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರು ಅದನ್ನು ನೋಡದೆ ಇಳಿಯುವಂತಿರಲಿಲ್ಲ.

ಕಡೆಗೆ ಮೆಟ್ಟಿಲು ಹತ್ತಿ ಹತ್ತಿ ಮಾವನದೇ ಮಂಡಿ ಹಿಡಿಯಿತು. ಡಾಕ್ಟರು ಎಕ್ಸ್‌ರೇ ಬರೆದುಕೊಟ್ಟರು. ಮಾವ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೊರಟರು. ಮೇಜಿನ ಮೇಲೆ ಮಲಗಿದವರು ‘ಎಷ್ಟು ಎಂಎಎಸ್ ಇಟ್ಟಿದ್ದೀಯಪ್ಪ?’ ಎಂದು ಕೊಳವೆ ನೋಡಲು ಹೊರಳಿದ್ದೇ ಚಿತ್ರ ಕಲಸಿಹೋಯಿತು. ಎರಡನೆಯ ಸಲವೂ ಅದೇ ಕಥೆ. ಎಕ್ಸ್‌ರೇ ತೆಗೆಯುವ ಹುಡುಗ ಬಾಗಿಲು ತೆರೆದು, ‘ಆಂಟಿ, ಇವರನ್ನ ಸ್ವಲ್ಪ ಹಿಡ್ಕೊಳ್ತೀರಾ?’ ಎಂದು ಅತ್ತೆಯನ್ನು ಕರೆದು ಸೀಸದ ಏಪ್ರನ್ ತೊಡಿಸಿದ.

ಮಾವ ಇಷ್ಟು ವರ್ಷ ಆಸೆಪಟ್ಟು, ಬೆಲೆ ಕೇಳಿ ಬಿಟ್ಟಿದ್ದ ಏಪ್ರನ್ ಅದು. ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ. ಈಗ ಬೀದಿಯಲ್ಲಿ ಎಕ್ಸ್‌ರೇ ವಿಷಯ ಬಂದರೆ ಮಾತು ಶುರುಮಾಡುವವರು ಅತ್ತೆ. ‘ನಿಮ್ಮ ಮಾವನಿಗೆ ಏನು ಗೊತ್ತು? ಆ ಏಪ್ರನ್ ಹಾಕ್ಕೊಂಡವರನ್ನ ಕೇಳಿ.’