ಅಸಲಿರಾಯರ ಬೊಲೊನ್ಯಾ

ಇಟಲಿಯ ಬೊಲೊನ್ಯಾ ನಗರದ ದೊಡ್ಡ ಚೌಕ ಪಿಯಾತ್ಸಾ ಮಜ್ಜೋರೆ. ಬೆಳಗಿನ ಹತ್ತು ಗಂಟೆಗೆ ಅದರ ಪಕ್ಕದ ನೆಪ್ಚೂನನ ಕಾರಂಜಿಯ ಹತ್ತಿರ ನಿಂತರೆ, ಮಡಚಿದ ಛತ್ರಿಯನ್ನು ಎತ್ತಿ ಹಿಡಿದ ಗೈಡುಗಳೂ ಅವರ ಸುತ್ತ ಹತ್ತು ಹನ್ನೆರಡು ಜನರ ಗುಂಪುಗಳೂ ಕಾಣುತ್ತವೆ. ಇವರೆಲ್ಲ ತಿನ್ನುತ್ತ ಊರು ನೋಡಲು ದುಡ್ಡು ಕಟ್ಟಿ ಬಂದವರು. ಮೂರ್ನಾಲ್ಕು ಗಂಟೆಯ ನಡಿಗೆ, ಐದಾರು ಅಂಗಡಿ, ನಡುವೆ ಒಂದು ಚರ್ಚು, ಒಂದು ಗೋಪುರ. ಇಂಥ ಪ್ರತಿ ಗುಂಪಿನಲ್ಲೂ ತಪ್ಪದೆ ಒಬ್ಬರು ಅಸಲಿರಾಯರು ಇರುತ್ತಾರೆ.

ಅವರನ್ನು ಗುರುತಿಸುವುದು ಕಷ್ಟವಲ್ಲ. ಗೈಡು ತನ್ನ ಹೆಸರು ಹೇಳಿ ಮುಗಿಸುವ ಮೊದಲೇ ಅವರ ಪ್ರಶ್ನೆ ಬಂದಿರುತ್ತದೆ: "ಇದೆಲ್ಲ ಅಸಲಿ ತಾನೆ? ಪ್ರವಾಸಿಗರಿಗೆ ಅಂತ ಮಾಡಿಟ್ಟಿದ್ದು ನಮಗೆ ಬೇಡ." ಹೀಗೆನ್ನುವಾಗ ಅವರ ತಲೆಯ ಮೇಲೆ ಟೋಪಿ, ಕಿವಿಯಲ್ಲಿ ಗೈಡು ಕೊಟ್ಟ ಇಯರ್‌ಫೋನು, ಅಂಗಿಯ ಮೇಲೆ ಗುಂಪಿನ ಸ್ಟಿಕ್ಕರು.

ಅಸಲಿರಾಯರು ಹ್ಯಾಂಬರ್ಗಿನವರಾಗಿರಬಹುದು, ಟೆಕ್ಸಾಸಿನವರಾಗಿರಬಹುದು. ನಮಗೆ ಚೆನ್ನಾಗಿ ಪರಿಚಯವಿರುವುದು ಜಯನಗರದವರು. ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಪ್ಪ ಅಮ್ಮ ಬಂದಾಗ ವೆನಿಸ್ ತೋರಿಸುತ್ತೇನೆಂದಳು. "ಅಲ್ಲಿಗೆ ಎಲ್ಲರೂ ಹೋಗ್ತಾರೆ" ಎಂದು ರಾಯರು ತಳ್ಳಿಹಾಕಿದರು. ಬೊಲೊನ್ಯಾ ಅವರದೇ ಆಯ್ಕೆ. ತಿಂಗಳುಗಟ್ಟಲೆ ವಿಡಿಯೋ ನೋಡಿ ಆ ಊರಿನ ಅಡುಗೆಯನ್ನು ಅರೆದು ಕುಡಿದಿದ್ದಾರೆ. ತೊಡಕು ಒಂದೇ. ರಾಯರು ಅಪ್ಪಟ ಸಸ್ಯಾಹಾರಿ. ಮೊಟ್ಟೆಯೊಂದಕ್ಕೆ ಮಾತ್ರ, ಅದೂ ವಿಮಾನ ಹತ್ತಿದ ಮೇಲೆ, ರಿಯಾಯಿತಿ.

ಬೊಲೊನ್ಯಾಕ್ಕೆ ಇಟಲಿಯವರು ಇಟ್ಟ ಅಡ್ಡಹೆಸರು ಮೂರು: ಪಂಡಿತೆ, ಕೆಂಪಿ, ದಡೂತಿ. ಪಂಡಿತೆ ಏಕೆಂದರೆ ಅಲ್ಲಿನ ವಿಶ್ವವಿದ್ಯಾಲಯ 1088ರಲ್ಲಿ ಹುಟ್ಟಿತೆಂದು ಲೆಕ್ಕ. ಕೆಂಪು ಬಂದದ್ದು ಇಟ್ಟಿಗೆ ಗೋಡೆ, ಹೆಂಚುಗಳಿಂದ. ದಡೂತಿತನ ಊಟದ್ದು, ಅದರಲ್ಲೂ ಬಹುಪಾಲು ಹಂದಿಯ ಕೊಡುಗೆ.

ಹಾಗಾಗಿ ಚೌಕದ ಮಗ್ಗುಲ ಕ್ವಾದ್ರಿಲಾತೆರೋ ಎಂಬ ಹಳೆಯ ಪೇಟೆಬೀದಿಗಳೊಳಗೆ ಗುಂಪು ಕಾಲಿಟ್ಟ ಕೂಡಲೇ ರಾಯರಿಗೆ ಮೊದಲ ಪರೀಕ್ಷೆ. ತಟ್ಟೆಯಲ್ಲಿ ಮೊರ್ತದೆಲ್ಲಾ ಎಂಬ ಹಂದಿಮಾಂಸದ ಸಾಸೇಜು ಬರುತ್ತದೆ. ನಸುಗೆಂಪು ಬಣ್ಣ, ನಡುನಡುವೆ ಬಿಳಿ ಕೊಬ್ಬಿನ ಚೌಕಗಳು, ಕಾಗದದಷ್ಟು ತೆಳುವಾದ ಹೋಳು. ಗೈಡು ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ರಾಯರು ಪಕ್ಕದ ಆಸ್ಟ್ರೇಲಿಯಾದ ದಂಪತಿಗೆ ಶುರು ಮಾಡಿಯಾಗಿದೆ: 1661ರಲ್ಲಿ ಕಾರ್ಡಿನಲ್ ಫಾರ್ನೇಸೆ ಇದನ್ನು ಹೇಗೆ ಮಾಡಬೇಕೆಂದು ಆಜ್ಞೆ ಹೊರಡಿಸಿದ್ದ, ಪಿಸ್ತಾ ಇರಲೇಬೇಕೆಂಬುದು ತಪ್ಪು ತಿಳಿವಳಿಕೆ, ಅಮೆರಿಕದ ವಿಮಾನ ನಿಲ್ದಾಣದಲ್ಲಿ ಇದನ್ನು ಒಳಗೆ ಬಿಡದೆ ಪೇಚಾಟವಾಗುವುದೇ 1971ರಲ್ಲಿ ಸೋಫಿಯಾ ಲೋರೆನ್ ನಟಿಸಿದ ಒಂದು ಸಿನಿಮಾದ ಕಥೆ. ಎಲ್ಲವೂ ನಿಜ. ಹೇಳುತ್ತ ಹೇಳುತ್ತಲೇ ತಮ್ಮ ಪಾಲಿನ ಹೋಳನ್ನು ಕಡ್ಡಿಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮೂಸದೆಯೇ "ಅಸಲಿ" ಎಂದು ತೀರ್ಪು ಕೊಟ್ಟು, ಆಸ್ಟ್ರೇಲಿಯಾದವರ ತಟ್ಟೆಗೆ ದಾಟಿಸುತ್ತಾರೆ. ಗಂಟೆ ಕಳೆಯುವುದರೊಳಗೆ ಆ ದಂಪತಿ ರಾಯರ ಪಕ್ಕವನ್ನು ಬಿಡದಂತಾಗಿರುತ್ತಾರೆ. ಅದಕ್ಕೆ ಕಾರಣ ರಾಯರ ಪಾಂಡಿತ್ಯವಲ್ಲ.

ಮುಂದಿನದು ಪಾರ್ಮಿಜಾನೊ ರೆಜ್ಜಾನೊ ಚೀಸ್. ಇಲ್ಲಿ ರಾಯರು ನಿರಾಳ. ಹಾಲು ತಾನೆ? ಒಂದೊಂದು ಚಕ್ರ ಸುಮಾರು ನಲವತ್ತು ಕಿಲೋ. ಅದಕ್ಕೆ ಐನೂರೈವತ್ತು ಲೀಟರಿನಷ್ಟು ಹಾಲು. ಕಡಿಮೆಯೆಂದರೆ ಹನ್ನೆರಡು ತಿಂಗಳು ಮಾಗಬೇಕು. ಆಮೇಲೆ ಪರೀಕ್ಷಕ ಪುಟ್ಟ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ ಒಳಗಿನ ಬಿರುಕು ಪತ್ತೆ ಮಾಡುತ್ತಾನೆ. ಗೈಡು ಇದನ್ನೆಲ್ಲ ವಿವರಿಸಿ, ಕೊನೆಗೆ ಬೇಕೋ ಬೇಡವೋ ಎಂಬಂತೆ ಒಂದು ಮಾತು ಸೇರಿಸುತ್ತಾಳೆ. ಹಾಲನ್ನು ಗಟ್ಟಿ ಮಾಡಲು ಕರುವಿನ ಜಠರದಿಂದ ತೆಗೆದ ರೆನೆಟ್ಟನ್ನೇ ಹಾಕಬೇಕು, ನಿಯಮದಲ್ಲಿ ಹಾಗೇ ಇದೆ, ಬೇರೆಯದು ಹಾಕಿದರೆ ಅದು ಅಸಲಿ ಅನ್ನಿಸಿಕೊಳ್ಳುವುದಿಲ್ಲ.

ರಾಯರ ಕೈ ಬಾಯಿಗೆ ಅರ್ಧ ದಾರಿಯಲ್ಲಿದೆ.

"ರೀ, ಕೇಳಿಸ್ತಾ?" ಎನ್ನುತ್ತಾರೆ ಹೆಂಡತಿ.

ರಾಯರು ಚೀಟಿ ಓದುತ್ತಾರೆ. "ಇದು ಇಪ್ಪತ್ನಾಲ್ಕು ತಿಂಗಳಿಂದು ಕಣೇ. ಎರಡು ವರ್ಷ ಆದಮೇಲೆ ಅದರಲ್ಲಿ ಏನು ಉಳಿದಿರುತ್ತೆ?"

ಅಸಲಿತನಕ್ಕೂ ಆಚಾರಕ್ಕೂ ಜಗಳ ಬಿದ್ದಾಗ ಪಂಚಾಂಗ ನೋಡಿ ಪರಿಹಾರ ಹೇಳಬಲ್ಲವರು ಅಸಲಿರಾಯರು.

ಅಲ್ಲಿಂದ ಪೊದೆಸ್ತಾ ಅರಮನೆಯ ಕಮಾನಿನ ಕೆಳಗೆ. ಎದುರುಬದುರಿನ ಎರಡು ಮೂಲೆಗಳಲ್ಲಿ ಗೋಡೆಗೆ ಮುಖ ಮಾಡಿ ನಿಂತು ಪಿಸುಗುಟ್ಟಿದರೂ ಆ ಕಡೆಯವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಕಮಾನಿನ ಬಾಗು ಸದ್ದನ್ನು ಹೊತ್ತು ಆಚೆ ಇಳಿಸುತ್ತದೆ. ಗೈಡು ದಂಪತಿಗಳನ್ನು ಒಂದೊಂದು ಮೂಲೆಗೆ ಕಳಿಸುತ್ತಾಳೆ. ಹೊಸದಾಗಿ ಮದುವೆಯಾದ ಕೊರಿಯಾದ ಜೋಡಿ ನಾಚಿ ನಗುತ್ತ ಬರುತ್ತದೆ. ರಾಯರು ಗೋಡೆಗೆ ಕೇಳುವುದು: "ಇಲ್ಲಿಗೆ ಊರಿನವರು ಬರ್ತಾರಾ, ಇಲ್ಲಾ ಬರೀ ಟೂರಿಸ್ಟುಗಳಾ?" ಎದುರು ಮೂಲೆಯಿಂದ ಉತ್ತರ ಬರುತ್ತದೆ: "ನನ್ನ ಮಂಡಿ ನೋಯ್ತಿದೆ ರೀ."

ಮಂಡಿ ನೋವಿನವರಿಗೆ ಬೊಲೊನ್ಯಾ ಒಳ್ಳೆಯ ಊರೇ. ಬೀದಿಯ ಇಕ್ಕೆಲಗಳಲ್ಲೂ ಕಂಬಸಾಲಿನ ಪಡಸಾಲೆಗಳು. ಎಲ್ಲ ಸೇರಿಸಿದರೆ ಸುಮಾರು 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ನೆಲ ಸಪಾಟು, ಮೇಲೆ ನೆರಳು. ರಾಯರ ಹೆಂಡತಿ ಇಡೀ ಪ್ರವಾಸದಲ್ಲಿ ಮನಸಾರೆ ಹೊಗಳಿದ್ದು ಇದನ್ನೇ: "ನಮ್ಮೂರಲ್ಲೂ ಫುಟ್‌ಪಾತ್ ಇಷ್ಟಿದ್ದಿದ್ರೆ!"

ನ್ಯಾಯವಾಗಿ ಹೇಳಬೇಕೆಂದರೆ ತಪ್ಪೆಲ್ಲ ರಾಯರದ್ದಲ್ಲ. ಅಸಲಿಯ ಹುಚ್ಚಿನಲ್ಲಿ ಈ ಊರು ಅವರಿಗಿಂತ ಒಂದು ಕೈ ಮೇಲು. 1972ರ ಏಪ್ರಿಲ್ 16ರಂದು ತಾಲ್ಯತೆಲ್ಲೆ ಎಂಬ ಪಟ್ಟಿಪಟ್ಟಿಯಾದ ಪಾಸ್ತಾದ ಅಳತೆಯನ್ನು ಇಲ್ಲಿನ ವಾಣಿಜ್ಯ ಮಂಡಳಿಯಲ್ಲಿ ಅಧಿಕೃತವಾಗಿ ದಾಖಲಿಸಿದರು. ಬೆಂದ ಮೇಲೆ ಎಂಟು ಮಿಲಿಮೀಟರ್ ಅಗಲ, ಅಂದರೆ ಊರಿನ 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರದ 12,270ನೆಯ ಒಂದು ಭಾಗ. ಮಾದರಿಗೆಂದು ಚಿನ್ನದಲ್ಲೇ ಒಂದು ಎಳೆ ಮಾಡಿಸಿಟ್ಟಿದ್ದಾರೆ. 1974ರಲ್ಲಿ ತೊರ್ತೆಲ್ಲೀನಿಯ ಹೂರಣ, 1982ರಲ್ಲಿ ರಾಗೂ ಎಂಬ ಮಾಂಸದ ಗೊಜ್ಜು, ಹೀಗೆ ಒಂದೊಂದೇ ದಾಖಲೆ ಸೇರಿತು. ಸೈಟಿಗೆ ಖಾತೆ ಮಾಡಿಸಿಕೊಳ್ಳಲು ವರ್ಷಗಟ್ಟಲೆ ಅಲೆದ ರಾಯರಿಗೆ, ಸಾರಿಗೂ ಖಾತೆ ಮಾಡಿಕೊಡುವ ಊರು ಕಂಡು ಕಣ್ಣು ತುಂಬಿ ಬರುವುದು ಸಹಜ.

ಊಟದ ಮೇಜಿನಲ್ಲಿ ಆ ಭಕ್ತಿ ಉಕ್ಕಿ ಹರಿಯುತ್ತದೆ. ಎದುರಿಗಿದ್ದ ಟೆಕ್ಸಾಸಿನವ ಪಾಪ, "ಸ್ಪಗೆಟ್ಟಿ ಬೊಲೊನೇಸ್" ಎಂದುಬಿಟ್ಟಿದ್ದಾನೆ. ರಾಯರು ಫೋರ್ಕ್ ಕೆಳಗಿಡುತ್ತಾರೆ. ಅಂಥ ತಿಂಡಿಯೇ ಈ ಊರಿನಲ್ಲಿಲ್ಲ, ರಾಗೂಗೆ ತಾಲ್ಯತೆಲ್ಲೆಯೇ ಜೊತೆ, 2019ರಲ್ಲಿ ಇಲ್ಲಿನ ಮೇಯರೇ ಅದನ್ನು ಸುಳ್ಳು ಸುದ್ದಿ ಎಂದು ಕರೆದು ಲೋಕದ ನಾನಾ ಕಡೆಯಿಂದ ಅದರ ಫೋಟೋ ತರಿಸಿಕೊಂಡರು, ರಾಗೂಗೆ ಬೆಳ್ಳುಳ್ಳಿ ಮುಟ್ಟಿಸಲೇಬಾರದು. ಟೆಕ್ಸಾಸಿನವ ತಲೆತಗ್ಗಿಸಿ ರಾಗೂ ತಿನ್ನುತ್ತಾನೆ. ಉಪದೇಶಕರ ತಟ್ಟೆಯಲ್ಲಿ ಬೆಣ್ಣೆ, ಸೇಜ್ ಸೊಪ್ಪಿನಲ್ಲಿ ಹೊರಳಿಸಿದ ರಿಕೊತ್ತಾ ಚೀಸಿನ ತೊರ್ತೆಲ್ಲೋನಿ.

ಆಗ ಗೈಡು ಮೆಲ್ಲಗೆ ಹೇಳುತ್ತಾಳೆ: "ಸಿನ್ಯೋರೆ, ಆ 1982ರ ರೆಸಿಪಿಯನ್ನು 2023ರಲ್ಲಿ ತಿದ್ದಿದರು. ಈಗ ಬಟಾಣಿ, ಒಣ ಅಣಬೆ ಹಾಕಿದರೂ ನಡೆಯುತ್ತದೆ."

"ಅಸಲಿಯನ್ನೂ ತಿದ್ದುತ್ತಾರಾ?"

"ನಮ್ಮಮ್ಮನಂತೂ ವಾರಕ್ಕೊಮ್ಮೆ ತಿದ್ದುತ್ತಾಳೆ."

ರಾಯರು ಬಹಳ ಹೊತ್ತು ಮಾತಾಡುವುದಿಲ್ಲ. ಅಷ್ಟು ಹೊತ್ತೂ ಗುಂಪಿನವರು ನೆಮ್ಮದಿಯಾಗಿ ಉಣ್ಣುತ್ತಾರೆ.

ಪ್ರವಾಸದ ಕೊನೆಯ ನಿಲುಗಡೆ ರಾನೊಕ್ಕಿ ಎಂಬ ಓಣಿಯ ಒಸ್ತೆರಿಯಾ ದೆಲ್ ಸೋಲೆ. 1465ರಷ್ಟು ಹಿಂದಿನ ಹೆಂಡದಂಗಡಿ. ಉದ್ದನೆಯ ಮರದ ಮೇಜುಗಳು, ಇಸ್ಪೀಟು ಹಿಡಿದ ಮುದುಕರು, ಗಲಾಟೆ ಮಾಡುವ ಕಾಲೇಜು ಹುಡುಗರು. ರಾಯರಿಗೆ ಜೀವ ಬರುತ್ತದೆ. ಇಲ್ಲಿದ್ದಾರೆ ಊರಿನವರು! ಒಂದು ಲೋಟ ಪಿನ್ಯೊಲೆತ್ತೊ ವೈನ್ ಹೇಳುತ್ತಾರೆ. ದ್ರಾಕ್ಷಿಯಾದ್ದರಿಂದ ಅದರ ಬಗ್ಗೆ ಆಕ್ಷೇಪವಿಲ್ಲ. ತಿನ್ನಲು ಏನಿದೆಯೆಂದು ಕೇಳಿದರೆ, ಏನೂ ಇಲ್ಲ. ಇಲ್ಲಿ ಕುಡಿಯಲು ಮಾತ್ರ ಕೊಡುತ್ತಾರೆ, ತಿನ್ನುವುದನ್ನು ಬಂದವರೇ ಕಟ್ಟಿಸಿಕೊಂಡು ತರಬೇಕು.

"ಹಾಗಾದರೆ ನಿಮ್ಮ ಊರಿನವರು ನಿಜವಾಗಿ ಊಟ ಮಾಡೋದು ಎಲ್ಲಿ?"

"ಅಮ್ಮನ ಮನೆಯಲ್ಲಿ, ಭಾನುವಾರ."

ರಾಯರು ಮೊಬೈಲು ತೆಗೆಯುತ್ತಾರೆ. "ಬುಕ್ ಮಾಡಬೇಕಾ?"

ಗೈಡು ನಗುವುದಿಲ್ಲ, ಏಕೆಂದರೆ ಅದಕ್ಕೂ ವ್ಯವಸ್ಥೆಯಿದೆ. ಮನೆಯಡುಗೆಯವರು ಅತಿಥಿಗಳನ್ನು ತಮ್ಮ ಮನೆಯ ಮೇಜಿಗೇ ಕರೆದು ದುಡ್ಡಿಗೆ ಬಡಿಸುವ ಚೆಸರೀನೆ ಎಂಬ ಜಾಲ 2004ರಲ್ಲಿ ಹುಟ್ಟಿದ್ದೂ ಈ ಬೊಲೊನ್ಯಾದಲ್ಲೇ. ರಾಯರು ಅದನ್ನು ಬರೆದುಕೊಳ್ಳುತ್ತಿರುವಾಗ, ಅಂಗಡಿಯ ಪದ್ಧತಿಯನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡ ಅವರ ಹೆಂಡತಿ ಬ್ಯಾಗಿನಿಂದ ಕೋಡುಬಳೆಯ ಪೊಟ್ಟಣ ತೆಗೆದು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದಾರೆ. ಪಕ್ಕದ ಮುದುಕ ಇಸ್ಪೀಟು ಬದಿಗಿಟ್ಟು ಒಂದನ್ನು ಎತ್ತಿ, ತಿರುಗಿಸಿ ನೋಡಿ, ಕಟುಮ್ಮನೆ ಕಡಿಯುತ್ತಾನೆ. ಹುಬ್ಬು ಮೇಲೇರುತ್ತದೆ. ಇಟಾಲಿಯನ್‌ನಲ್ಲಿ ಏನೋ ಕೇಳುತ್ತಾನೆ.

"ಮನೆಯಲ್ಲಿ ಮಾಡಿದ್ದಾ ಅಂತ ಕೇಳ್ತಿದ್ದಾರೆ" ಎನ್ನುತ್ತಾಳೆ ಗೈಡು.

"ನಾಲ್ಕನೇ ಬ್ಲಾಕಿನ ಕಾಂಡಿಮೆಂಟ್ಸ್‌ದು ಅಂತ ಹೇಳ್ರೀ" ಎನ್ನುತ್ತಾರೆ ಹೆಂಡತಿ.

ರಾಯರು ಗಂಟಲು ಸರಿಮಾಡಿಕೊಂಡು ಗೈಡಿಗೆ ಇಂಗ್ಲಿಷಿನಲ್ಲಿ ತಿಳಿಸುತ್ತಾರೆ: "ನಮ್ಮಜ್ಜಿಯ ಕೈರುಚಿ. ನಾಲ್ಕು ತಲೆಮಾರಿನಿಂದ ಒಂದೇ ಅಳತೆ, ಒಂದು ಸಲವೂ ತಿದ್ದಿಲ್ಲ."