ಆಸ್ತಿಮೀಮಾಂಸೆ: ಯಾಲಾಲ ಸಂಪ್ರದಾಯಕ್ಕೊಂದು ಕಿರುಭಾಷ್ಯ

ಶಾಸ್ತ್ರ ಬರೆಯಹೊರಟವನು ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇನೆ. ವಿಷಯ: ಜನನಾಯಕರ ಆಸ್ತಿಪಾಸ್ತಿ. ಪ್ರಯೋಜನ: ಓದುವವನಿಗೆ ಹೊತ್ತು ಹೋಗುವುದು. ಸಂಬಂಧ: ಆ ಆಸ್ತಿಗೂ ಓದುವವನಿಗೂ ಏನೂ ಇಲ್ಲ. ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು: ತನ್ನ ಬಡತನಕ್ಕೆ ಪ್ರಮಾಣಪತ್ರ ಬೇಡಿ ತೆಲಂಗಾಣದ ಮೀ ಸೇವಾ ಕೇಂದ್ರದ ಮುಂದೆ ಒಮ್ಮೆಯಾದರೂ ಸಾಲುಹಚ್ಚಿದವನು.

ಮೂಲಗ್ರಂಥ ಒಂದೇ: ನಮೂನೆ 26. 1961ರ ಚುನಾವಣಾ ನಿಯಮಗಳ 4ಎ ನಿಯಮದಡಿ ಅಭ್ಯರ್ಥಿ ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರ ಅದು. ಇದರ ಅವತರಣ ಸುಲಭವಾಗಿ ಆದದ್ದಲ್ಲ. 2002ರ ಮೇ 2ರಂದು ಸುಪ್ರೀಂ ಕೋರ್ಟು, ಮತ ಕೇಳುವವನ ಆಸ್ತಿ, ಸಾಲ, ಕ್ರಿಮಿನಲ್ ಕೇಸು ತಿಳಿಯುವ ಹಕ್ಕು ಮತದಾರನಿಗಿದೆ ಎಂದಿತು. ದಿಲ್ಲಿಯ ಸಂಸತ್ತು ಪಕ್ಷಭೇದ ಮರೆತು ಒಂದಾಗುವುದು ಅಪರೂಪ, ಅಂದು ಆಯಿತು. ಯಾವ ಕೋರ್ಟು ಏನೇ ಹೇಳಿದ್ದರೂ ಇಂಥ ಮಾಹಿತಿ ಕೊಡಬೇಕಿಲ್ಲ ಎಂದು ಪ್ರಜಾಪ್ರತಿನಿಧಿ ಕಾಯಿದೆಯಲ್ಲಿ 33ಬಿ ಎಂಬ ಕಲಮನ್ನೇ ಹೆಣೆದರು. 2003ರ ಮಾರ್ಚ್ 13ರಂದು ಕೋರ್ಟು ಅದನ್ನು ಕಿತ್ತೆಸೆಯಿತು. ಆಮೇಲಿನ ಟೀಕೆ, ಉಪಟೀಕೆಗಳು ಹಲವು: 2018ರಲ್ಲಿ ಆದಾಯದ ಮೂಲ ಹೇಳಬೇಕೆಂಬ ತೀರ್ಪು ಬಂತು, 2019ರಲ್ಲಿ ಐದು ವರ್ಷದ ಆದಾಯ ತೆರಿಗೆ ವಿವರ ಮತ್ತು ವಿದೇಶದ ಆಸ್ತಿ ಸೇರಿದವು.

ದೇಶನಿರ್ಣಯ

ಈ ಶಾಸ್ತ್ರ ದಿಲ್ಲಿಯಲ್ಲಿ ಹುಟ್ಟಿತೆನ್ನುವವರು ಅಲ್ಪಜ್ಞರು. ಇದರ ಬೇರು ಯಾಲಾಲದ ಆಸುಪಾಸಿನಲ್ಲಿದೆ. ವಿಕಾರಾಬಾದ್ ಜಿಲ್ಲೆಯ ಯಾಲಾಲ ಇಂದು ತೆಲಂಗಾಣದ ಒಂದು ಮಂಡಲ. 1956ರವರೆಗೆ ಅದರ ಆಸುಪಾಸಿನ ತಾಂಡೂರು, ಕೊಡಂಗಲ್ ತಾಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಮೈಸೂರಿಗೆ ಬಂತು, ಈ ಎರಡು ಆಚೆ ಉಳಿದವು. ಜಹೀರಾಬಾದ್, ನಾರಾಯಣಖೇಡ ಬೀದರಿನಿಂದ ಹೋದವು. ಗಡಿ ಗೀಚಿದವರಿಗೆ ಕಾಗಿಣಾ ನದಿಯನ್ನು ಮಾತ್ರ ತಡೆಯಲಾಗಲಿಲ್ಲ. ಅದು ತಾಂಡೂರಿನ ಪಕ್ಕದಿಂದ ಹರಿದು ನೇರವಾಗಿ ಮಳಖೇಡಕ್ಕೆ ಇಳಿಯುತ್ತದೆ.

ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅಲ್ಲಿಂದ ಬಹಳ ದೂರವಲ್ಲದ ಮರತೂರನ್ನು ವಿಜ್ಞಾನೇಶ್ವರನ ಊರೆಂದು ಹೇಳುತ್ತಾರೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು, ಅವಿಭಕ್ತ ಕುಟುಂಬದ ಆಸ್ತಿಗೆ ನ್ಯಾಯ ಹೇಳುವ 'ಮಿತಾಕ್ಷರ' ಭಾಷ್ಯ ಬರೆದವನು. ಈಗ ನಮೂನೆ 26ರ ಚರಾಸ್ತಿಯ ಕೋಷ್ಟಕವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಅಡ್ಡಸಾಲಿನಲ್ಲಿ ಸ್ವತಃ, ಸಂಗಾತಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತ ಒಂದು, ಎರಡು, ಮೂರು. ಕೆಳಗೆ ಕೈಯಲ್ಲಿರುವ ನಗದು, ಬ್ಯಾಂಕಿನ ಠೇವಣಿ, ಷೇರು, ಅಂಚೆ ಉಳಿತಾಯ ಮತ್ತು ಎಲ್‌ಐಸಿ, ಕೈಗಡ ಕೊಟ್ಟದ್ದು, ವಾಹನ, ತೂಕದ ಸಮೇತ ಚಿನ್ನ. ಅಡಿಯಲ್ಲಿ ನೋಟರಿಯ ಠಸ್ಸೆ. ಆ ಮೂರನೆಯ ಅಂಕಣದ ಅವಿಭಕ್ತ ಕುಟುಂಬ ಎಲ್ಲಿಂದ ಬಂತು? ಮರತೂರಿನಿಂದ. ತನ್ನ ಭಾಷ್ಯವನ್ನು ಒಂಬತ್ತು ಶತಮಾನಗಳ ಮೇಲೆ ಲೆಕ್ಕಪರಿಶೋಧಕರು ಇಷ್ಟು ಭಕ್ತಿಯಿಂದ ಪಾರಾಯಣ ಮಾಡುವರೆಂದು ವಿಜ್ಞಾನೇಶ್ವರ ಕನಸಿನಲ್ಲೂ ಎಣಿಸಿರಲಾರ.

ಶೂನ್ಯಪ್ರಕರಣ

ಮಹಾವೀರಾಚಾರ್ಯನ ಋಣ ಇನ್ನೂ ದೊಡ್ಡದು. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದ ಹಾಗೇ ಇರುತ್ತದೆ ಎಂದು ಅವನ ಮತ. ಇಂದಿನ ಗಣಿತದ ಮೇಷ್ಟ್ರುಗಳು ಇದು ತಪ್ಪೆನ್ನುತ್ತಾರೆ. ಅವರು ನಾಮಪತ್ರ ಸಲ್ಲಿಸಿದವರಲ್ಲ. ಸ್ವಂತ ಹೆಸರಿನಲ್ಲಿ ಮನೆ ಸೊನ್ನೆ, ಜಮೀನು ಸೊನ್ನೆ, ವಾಹನ ಸೊನ್ನೆ ಎಂದು ಎಷ್ಟು ಸೊನ್ನೆಗಳಿಂದ ಭಾಗಿಸಿದರೂ ಕುಟುಂಬದ ಐಶ್ವರ್ಯ ಇದ್ದ ಹಾಗೇ ಇರುವುದನ್ನು ನಾವು ಪ್ರತಿ ಚುನಾವಣೆಯಲ್ಲಿ ಕಣ್ಣಾರೆ ಕಾಣುತ್ತೇವೆ. ಆಚಾರ್ಯ ಸಾವಿರ ವರ್ಷ ಮೊದಲೇ ಬಂದನೆಂಬುದಷ್ಟೇ ಅವನ ದೋಷ.

ಮೊದಮೊದಲು ಅಭ್ಯರ್ಥಿಗಳು ಸೊನ್ನೆ ಬರೆಯುವ ಶ್ರಮವನ್ನೂ ಪಡದೆ ಅಂಕಣವನ್ನು ಖಾಲಿ ಬಿಡುತ್ತಿದ್ದರು. 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಖಾಲಿ ಬಿಡಕೂಡದು ಎಂದಿತು. ಅಂದಿನಿಂದ ಮೂರು ಬೀಜಾಕ್ಷರ ಮಂತ್ರಗಳು ಬಳಕೆಗೆ ಬಂದವು: 'ಇಲ್ಲ', 'ಅನ್ವಯಿಸುವುದಿಲ್ಲ', 'ತಿಳಿದಿಲ್ಲ'. ಮೂರನೆಯದು ಪರಮಮಂತ್ರ. ತನ್ನ ಮನೆಯ ಆಸ್ತಿ ತನಗೇ ತಿಳಿಯದ ಸ್ಥಿತಿಗೆ ನಮ್ಮಲ್ಲಿ ವೈರಾಗ್ಯವೆಂದು ಹೆಸರು. ಚುನಾವಣಾಧಿಕಾರಿ ಅಂಕಣ ಭರ್ತಿಯಾಗಿದೆಯೇ ಎಂದು ನೋಡುತ್ತಾರೆ. ತುಂಬಿದ್ದು ನಿಜವೇ ಎಂದು ಹುಡುಕಿಕೊಂಡು ಹೋಗುವುದು ಅವರ ಕೆಲಸವಲ್ಲ. ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿ ಕೈತೊಳೆದುಕೊಳ್ಳುತ್ತಾರೆ.

ಕೂಡುವ ಲೆಕ್ಕದಲ್ಲೂ ನಮ್ಮ ನೆಲಕ್ಕೆ ಹೆಸರಿದೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ಚೆನ್ನೈಯಿಂದ ಬೆಂಗಳೂರಿಗೆ ಬಂದದ್ದು, 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಶಿಕ್ಷೆ ಕೊಟ್ಟದ್ದು ಎಲ್ಲರಿಗೂ ನೆನಪಿದೆ. 2015ರ ಮೇ 11ರಂದು ಹೈಕೋರ್ಟು ಬಿಡುಗಡೆ ಮಾಡಿತು: ಆದಾಯಕ್ಕೆ ಮೀರಿದ ಆಸ್ತಿ ಶೇ. 8.12 ಮಾತ್ರ, ಶೇ. 10ರೊಳಗೆ ಇದ್ದರೆ ನಡೆಯುತ್ತದೆ. ಆದಾಯಕ್ಕೆ ಸೇರಿಸಿ ತೀರ್ಪಿನಲ್ಲಿ ಪಟ್ಟಿಮಾಡಿದ ಹತ್ತು ಸಾಲಗಳ ಮೊತ್ತ 24.17 ಕೋಟಿ ಎಂದು ಬರೆದಿತ್ತು. ವಿಶೇಷ ಸರ್ಕಾರಿ ಅಭಿಯೋಜಕ ಬಿ.ವಿ. ಆಚಾರ್ಯರು ಕೂಡಿ ನೋಡಿದರು; 10.67 ಕೋಟಿ ಆಯಿತು. ಮೊತ್ತ ಸರಿಮಾಡಿದರೆ ಶೇ. 8 ಹೋಗಿ ಶೇ. 76 ದಾಟುತ್ತಿತ್ತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕುನ್ಹಾ ಅವರ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಮುಖ್ಯ ಆರೋಪಿ ತೀರಿಹೋಗಿದ್ದರು.

ವೃದ್ಧಿಪ್ರಕರಣ

ಯಾಲಾಲ ತಾಂಡೂರು ವಿಧಾನಸಭಾ ಕ್ಷೇತ್ರಕ್ಕೆ, ಚೇವೆಳ್ಳ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಚೇವೆಳ್ಳದ ಕೊಂಡಾ ವಿಶ್ವೇಶ್ವರ ರೆಡ್ಡಿ ಅವರು ಈ ಶಾಸ್ತ್ರದ ಅತ್ಯುತ್ತಮ ಉದಾಹರಣೆ, ಏಕೆಂದರೆ ಅವರು ಮುಚ್ಚಿಡದೆ ಬರೆದುಕೊಟ್ಟವರು. 2014ರಲ್ಲಿ ಟಿಆರ್‌ಎಸ್, ಸುಮಾರು 528 ಕೋಟಿ. 2019ರಲ್ಲಿ ಕಾಂಗ್ರೆಸ್, 895 ಕೋಟಿ. 2024ರಲ್ಲಿ ಬಿಜೆಪಿ, 4,568 ಕೋಟಿ. ಮೂರು ಪಕ್ಷ, ಮೂರು ಅಂಕಿ. ಮೊದಲ ಸಲ ಗೆದ್ದರು, ನಡುವೆ ಸೋತರು, ಕಡೆಗೆ ದೊಡ್ಡ ಅಂತರದಲ್ಲಿ ಗೆದ್ದರು. ದುಡ್ಡಿದ್ದವನೇ ಗೆಲ್ಲುತ್ತಾನೆಂಬ ಸ್ಥೂಲ ಮತಕ್ಕೆ ಇಲ್ಲಿ ಪೆಟ್ಟುಬಿತ್ತು. ಸೋತವರಿಗೂ ಗೆದ್ದವರಿಗೂ ಸಮನಾಗಿ ಬೆಳೆಯುವುದು ಆಸ್ತಿ ಮಾತ್ರ ಎಂಬುದು ಯಾಲಾಲ ಸಂಪ್ರದಾಯದ ಸೂಕ್ಷ್ಮ ಮತ.

ಕಟ್ಟೆಯ ಮೇಲಿನ ವಿದ್ವದ್ಗೋಷ್ಠಿ ಹೀಗೆ ನಡೆಯುತ್ತದೆ ಎಂದು ಇಟ್ಟುಕೊಳ್ಳಿ.

"ಕಾಕಾ, ನಾಕು ಸಾವಿರದ ಐನೂರ ಅರವತ್ತೆಂಟು ಕೋಟಿ ಅಂದ್ರ ಎಷ್ಟಾಗ್ತದ್ರಿ?"

"ರೂಪಾಯಿದಾಗ ತಿಳಿಯಂಗಿಲ್ಲ ತಮ್ಮಾ. ತೊಗರ್ಯಾಗ ಹೇಳ್ತೀನಿ ಕೇಳು."

ತೊಗರಿಯಲ್ಲಿ ಹೇಳುವುದೇ ಸರಿ. ತಾಂಡೂರು ತೊಗರಿಗೆ 2022ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಅಳತೆಗೋಲಿಗೆ ಇದಕ್ಕಿಂತ ಪ್ರಮಾಣಿತ ವಸ್ತು ಯಾವುದು? 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 7,550 ರೂಪಾಯಿ. ಆ ಲೆಕ್ಕದಲ್ಲಿ ಅರವತ್ತು ಲಕ್ಷ ಕ್ವಿಂಟಾಲಿಗೂ ಮೇಲೆ. 2019ರಿಂದ 2024ರವರೆಗಿನ ವೃದ್ಧಿಯನ್ನು ಐದು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ ಎರಡು ಕೋಟಿ. ಫರಸಿ ಕಲ್ಲಿನ ಗಣಿಯಲ್ಲಿ ಬೆಳಿಗ್ಗೆಯಿಂದ ಬೈಗಿನವರೆಗೆ ಕಲ್ಲು ಎಬ್ಬಿಸುವವನು ಈ ಅಂಕಿ ಕೇಳಿ ಬೀಡಿ ಹಚ್ಚಿಕೊಳ್ಳುತ್ತಾನೆಯೇ ಹೊರತು ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರಾಗಲು ಅಂಕಿ ಸ್ವಲ್ಪ ಚಿಕ್ಕದಿರಬೇಕು. ಮಗ್ಗುಲ ಮನೆಯವನು ಒಂದು ಎಕರೆ ಕೊಂಡರೆ ನಿದ್ದೆ ಬರುವುದಿಲ್ಲ.

ಪೂರ್ವಪಕ್ಷದವರು ಕೇಳಬಹುದು: ಇದರಲ್ಲಿ ತಪ್ಪೇನು? ರೆಡ್ಡಿ ಅವರ ಆಸ್ತಿಯ ದೊಡ್ಡ ಪಾಲು ಷೇರು, ಅದರಲ್ಲೂ ಪತ್ನಿಯ ಹೆಸರಿನಲ್ಲಿ ಹೆಚ್ಚು. ಆಸ್ಪತ್ರೆ ಕಂಪನಿಯ ಷೇರಿನ ಬೆಲೆ ಏರಿದರೆ ಅಭ್ಯರ್ಥಿ ಏನು ಮಾಡಿಯಾರು? ಒಪ್ಪಿದೆವು. ತಪ್ಪೆಂದು ನಾವೂ ಹೇಳಿಲ್ಲ. ಕರ್ನಾಟಕದಲ್ಲಿ ಡಿ.ಕೆ. ಶಿವಕುಮಾರ್ 2013ರಲ್ಲಿ 251 ಕೋಟಿ, 2018ರಲ್ಲಿ 840 ಕೋಟಿ, 2023ರಲ್ಲಿ 1,413 ಕೋಟಿ ಘೋಷಿಸಿದರು. ಎಂ.ಟಿ.ಬಿ. ನಾಗರಾಜ್ 2018ರಲ್ಲಿ 1,015 ಕೋಟಿ ಇದ್ದವರು 2023ರಲ್ಲಿ 1,609 ಕೋಟಿ ತಲುಪಿದರು, ಹೊಸಕೋಟೆಯಲ್ಲಿ ಸೋತರು. ಎಲ್ಲವೂ ಅವರೇ ಪ್ರಮಾಣಮಾಡಿ ಬರೆದುಕೊಟ್ಟದ್ದು. ಪತ್ರಿಕೆಗಳು ಒಂದು ದಿನ ಅಂಕಿ ಅಚ್ಚುಹಾಕುತ್ತವೆ, ನಾವು ಒಂದು ದಿನ ಬಾಯಿಬಿಡುತ್ತೇವೆ. ಹಿಂದಿನ ಪತ್ರ, ಇಂದಿನ ಪತ್ರ ಎರಡನ್ನೂ ಅಕ್ಕಪಕ್ಕ ಇಟ್ಟು, ವ್ಯತ್ಯಾಸ ಎಲ್ಲಿಂದ ಬಂತೆಂದು ಅಭ್ಯರ್ಥಿಯನ್ನು ಕೂರಿಸಿ ಕೇಳಬೇಕಾದ ಕಚೇರಿ ಯಾವುದು? ಈ ಅಂಕಣವನ್ನು ನಮೂನೆ 26 ಖಾಲಿ ಬಿಟ್ಟಿದೆ.

ಅಪವಾದಗಳಿಲ್ಲದೆ ನಿಯಮ ನಿಲ್ಲದು. ಇದೇ ತೆಲಂಗಾಣದ ಯೆಲ್ಲಂದುವಿನಿಂದ ಐದು ಸಲ ಶಾಸಕರಾಗಿದ್ದ ಗುಮ್ಮಡಿ ನರಸಯ್ಯ ಬಸ್ಸಿನಲ್ಲಿ, ಸೈಕಲ್ಲಿನಲ್ಲಿ ಓಡಾಡಿಕೊಂಡಿದ್ದವರು. ಅವರ ಮೇಲೆ ಸಿನಿಮಾ ಮಾಡಲು ಹೊರಟು ನಮ್ಮ ಶಿವರಾಜ್‌ಕುಮಾರ್ ಅವರನ್ನು ಪಾತ್ರಕ್ಕೆ ಒಪ್ಪಿಸಿದ್ದಾರೆ. ಬಸ್ಸಿನಲ್ಲಿ ಕೂತ ಶಾಸಕನನ್ನು ತೋರಿಸಲು ಈಗ ದೊಡ್ಡ ನಟನೇ ಬೇಕು.

ಸ್ಕೂಟಿಪ್ರಕರಣ

2016ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯ ಹ್ಯೂಬ್ಲೋಟ್ ವಾಚಿನ ಬೆಲೆ 70 ಲಕ್ಷವೆಂದು ಎಚ್.ಡಿ. ಕುಮಾರಸ್ವಾಮಿ ಕೂಗೆಬ್ಬಿಸಿದರು. ಸ್ನೇಹಿತರು ಕೊಟ್ಟ ಉಡುಗೊರೆ ಎಂದರು ಮುಖ್ಯಮಂತ್ರಿ; ಮಾರ್ಚಿನಲ್ಲಿ ಅದನ್ನು ಸ್ಪೀಕರ್ ಕಾಗೋಡು ತಿಮ್ಮಪ್ಪನವರ ಕೈಗೆ ಒಪ್ಪಿಸಿದರು. ಈ ಗಡಿಯಾರದ ತತ್ತ್ವವನ್ನು ಸುಪ್ರೀಂ ಕೋರ್ಟು 2024ರ ಏಪ್ರಿಲ್ 9ರಂದು, ಬೇರೊಂದು ಮೊಕದ್ದಮೆಯಲ್ಲಿ ಶಾಸ್ತ್ರೀಯವಾಗಿ ವಿಂಗಡಿಸಿತು: ದುಬಾರಿ ವಾಚುಗಳ ರಾಶಿ ಇದ್ದರೆ ಹೇಳಲೇಬೇಕು, ಮನೆಯವರಿಗೆಲ್ಲ ತಲಾ ಒಂದು ಸಾದಾ ವಾಚಿದ್ದರೆ ಹೇಳದಿದ್ದರೂ ದೋಷವಲ್ಲ. ಬಟ್ಟೆ, ಚಪ್ಪಲಿ, ಪಾತ್ರೆಪಗಡಗಳಿಗೂ ಇದೇ ನ್ಯಾಯ. ಮೊಕದ್ದಮೆ ಅರುಣಾಚಲದ ತೇಜು ಕ್ಷೇತ್ರದ ಶಾಸಕ ಕಾರಿಖೋ ಕ್ರಿ ಅವರದು. ಹೆಂಡತಿ ಮಕ್ಕಳ ಹೆಸರಿನಲ್ಲಿ ನೋಂದಣಿಯಾಗಿದ್ದ ಒಂದು ಕೈನೆಟಿಕ್ ಸ್ಕೂಟಿ, ಒಂದು ಮಾರುತಿ ಓಮ್ನಿ, ಒಂದು ಟಿವಿಎಸ್ ಬೈಕು ಪ್ರಮಾಣಪತ್ರದಲ್ಲಿ ಇರಲಿಲ್ಲ. ಅವು ಮೊದಲೇ ಬೇರೆಯವರ ಕೈಸೇರಿದ್ದವು, ಕಾಗದದಲ್ಲಿ ಮಾತ್ರ ಹಳೆ ಹೆಸರಿತ್ತು ಎಂದು ಒಪ್ಪಿ ಕೋರ್ಟು ಶಾಸಕರನ್ನು ಉಳಿಸಿತು. ನ್ಯಾಯವಾದ ಮಾತೇ. ಯಾಲಾಲದಲ್ಲೂ ಮಾರಿಬಿಟ್ಟ ಬೈಕಿನ ಆರ್‌ಸಿ ಹಳೆಯ ಮಾಲೀಕನ ಹೆಸರಿನಲ್ಲೇ ಓಡಾಡುವುದು ಹೊಸತೇನಲ್ಲ.

ಆದರೆ ವಾಹನಕ್ಕೆ ಇನ್ನೊಂದು ಶಾಖೆಯ ಭಾಷ್ಯವೂ ಇದೆ. ತೆಲಂಗಾಣದ ಹಳ್ಳಿಯಲ್ಲಿ ಆಹಾರ ಭದ್ರತಾ ಕಾರ್ಡು ಬೇಕಾದರೆ ವರ್ಷದ ಆದಾಯ ಒಂದೂವರೆ ಲಕ್ಷ ಮೀರಬಾರದು; ಜಮೀನು ನೀರಾವರಿ ಮೂರೂವರೆ ಎಕರೆ, ಒಣಭೂಮಿ ಏಳೂವರೆ ಎಕರೆ ದಾಟಬಾರದು. ಇಲ್ಲಿ ಅರ್ಜಿದಾರನ ಪ್ರಮಾಣವನ್ನು ಯಾರೂ ನಂಬುವುದಿಲ್ಲ. 'ಸಮಗ್ರ ವೇದಿಕೆ' ಎಂಬ ಗಣಕವ್ಯವಸ್ಥೆ ಹಲವಾರು ಇಲಾಖೆಗಳ ದಫ್ತರಗಳನ್ನು ಒಂದಕ್ಕೊಂದು ತಾಳೆಹಾಕಿ, ಯಾರ ಹೆಸರಿನಲ್ಲಿ ಕಾರಿದೆ, ಯಾರ ಹೆಸರಿನಲ್ಲಿ ಮನೆಯಿದೆ ಎಂದು ಹೆಕ್ಕಿಕೊಡುತ್ತದೆ. ಹೀಗೆ ರದ್ದಾದ ಕಾರ್ಡುಗಳು ಸುಮಾರು 19 ಲಕ್ಷ. ಹೈದರಾಬಾದಿನಲ್ಲಿ ಒಬ್ಬ ರಿಕ್ಷಾ ಎಳೆಯುವವನಿಗೆ ಅದು ಒಂದು ಕಾರನ್ನೇ ಕರುಣಿಸಿತು. ಕಾರು ಅವನ ಹೆಸರನ್ನು ಹೋಲುವ ಇನ್ನಾರದೋ. ಅಕ್ಕಿ ಮಾತ್ರ ಇವನ ಮನೆಯವರಿಗೆ ನಿಂತಿತು. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ರದ್ದಾದ ಕಾರ್ಡುಗಳನ್ನು ಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಎಂದು ಆದೇಶಿಸಬೇಕಾಯಿತು.

ಎರಡು ಭಾಷ್ಯಗಳ ಸಮನ್ವಯ ಹೀಗೆ: ಶಾಸಕನ ಮನೆಯಲ್ಲಿ ಇದ್ದ ಸ್ಕೂಟಿ ಇಲ್ಲವಾಗಬಹುದು, ಬಡವನ ಮನೆಯಲ್ಲಿ ಇಲ್ಲದ ಕಾರು ಇರಬಹುದು. ಇದಕ್ಕೆ ವೇದಾಂತದಲ್ಲಿ ಮಾಯೆ ಎನ್ನುತ್ತಾರೆ.

ಉತ್ತರಪಕ್ಷ

ಸರ್ಕಾರಕ್ಕೆ ತಾಳೆಹಾಕಿ ನೋಡುವ ಯಂತ್ರವಿಲ್ಲವೆಂದು ಇನ್ನು ಯಾರೂ ಹೇಳಬಾರದು. ಯಂತ್ರವಿದೆ, ದಫ್ತರಗಳಿವೆ, ಅದರ ಕಣ್ಣು ಕೆಳಗಡೆಗೆ ಮಾತ್ರ ತಿರುಗುತ್ತದೆ. ಒಂದು ಕಾರ್ಡಿನ ಅಕ್ಕಿಗಾಗಿ ತಿರುಗುವ ಯಂತ್ರವನ್ನು ಒಂದು ಸಲ, ಒಂದೇ ಒಂದು ಕ್ಷೇತ್ರದ ನಾಮಪತ್ರಗಳ ಮೇಲೆ ತಿರುಗಿಸಿ ನೋಡಲಿ ಎಂಬುದು ಯಾಲಾಲ ಸಂಪ್ರದಾಯದ ಪ್ರಾರ್ಥನೆ. ತಾಂಡೂರಿನಲ್ಲೇ ಆರಂಭಿಸಿದರೆ ಶಾಸ್ತ್ರೋಕ್ತ. ಇಲ್ಲಿಂದ 1967ರಲ್ಲಿ ಗೆದ್ದ ಮರ್ರಿ ಚೆನ್ನಾರೆಡ್ಡಿ ಕೇಂದ್ರದಲ್ಲಿ ಉಕ್ಕಿನ ಮಂತ್ರಿಯಾಗಿದ್ದರು. ಅವರ ಎದುರು ವಂದೇಮಾತರಂ ರಾಮಚಂದ್ರ ರಾವ್ ಚುನಾವಣಾ ಅರ್ಜಿ ಹಾಕಿ, ಭ್ರಷ್ಟ ಮಾರ್ಗದ ಆರೋಪ ಸಾಬೀತುಮಾಡಿ, 1968ರಲ್ಲಿ ಆಯ್ಕೆಯನ್ನೇ ರದ್ದುಮಾಡಿಸಿದರು. ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆಗ ನಮೂನೆ 26 ಇರಲಿಲ್ಲ, ಗಣಕಯಂತ್ರವೂ ಇರಲಿಲ್ಲ, ಪಟ್ಟುಹಿಡಿದು ಕೇಳುವವರಿದ್ದರು.

ಈಗ ಪ್ರಮಾಣಪತ್ರದಲ್ಲಿ ಸುಳ್ಳು ಬರೆದದ್ದು ಸಾಬೀತಾದರೆ ಪ್ರಜಾಪ್ರತಿನಿಧಿ ಕಾಯಿದೆಯ 125ಎ ಕಲಮಿನಡಿ ಆರು ತಿಂಗಳವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ದಂಡ ಕಟ್ಟಿ ಬಂದವನು ಮತ್ತೆ ಚುನಾವಣೆಗೆ ನಿಲ್ಲಬಹುದು, ಏಕೆಂದರೆ ಅನರ್ಹಗೊಳಿಸುವ ಅಪರಾಧಗಳ ಪಟ್ಟಿಯಲ್ಲಿ 125ಎ ಇಲ್ಲ. ಶಿಕ್ಷೆಯನ್ನು ಕನಿಷ್ಠ ಎರಡು ವರ್ಷಕ್ಕೆ ಏರಿಸಿ, ಅಪರಾಧವನ್ನು ಆ ಪಟ್ಟಿಗೆ ಸೇರಿಸಿ ಎಂದು ಕಾನೂನು ಆಯೋಗ 2014ರಲ್ಲಿ ತನ್ನ 244ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಕಾಯಿದೆಯಲ್ಲಿ ಇನ್ನೂ ಆರು ತಿಂಗಳೇ ಇದೆ.