ಕಮಲಾಪುರದ ಪೆನ್ಸಿಲ್ ಶಾಸನಗಳು: ಒಂದು ಸಮಗ್ರ ಅಧ್ಯಯನ

ಪೀಠಿಕೆ

ಹಂಪಿ ಪರಿಸರದ ಶಾಸನಗಳ ಮೇಲೆ ಈಗಾಗಲೇ ಸಾಕಷ್ಟು ಕೆಲಸ ನಡೆದಿದೆ. ಬಂಡೆ, ಕಂಬ, ತಾಮ್ರಪಟ ಯಾವುದನ್ನೂ ವಿದ್ವಾಂಸರು ಬಿಟ್ಟಿಲ್ಲ. ಅವರ ಕಣ್ಣಿಗೆ ಬೀಳದೆ ಉಳಿದಿರುವುದು, ಕಮಲಾಪುರದ ವಾಚನಾಲಯವೊಂದರ ಪುಸ್ತಕಗಳ ಅಂಚಿನಲ್ಲಿ ಅನಾಮಧೇಯ ಓದುಗರೊಬ್ಬರು ಪೆನ್ಸಿಲಿನಲ್ಲಿ ಬರೆದಿಟ್ಟ ಟಿಪ್ಪಣಿಗಳು ಮಾತ್ರ. ಕಲ್ಲಿನ ಮೇಲೆ ಕೆತ್ತಿದರೆ ಶಾಸನ, ವಾಚನಾಲಯದ ಪುಸ್ತಕದ ಮೇಲೆ ಗೀಚಿದರೆ ದಂಡ ಎಂಬ ತಾರತಮ್ಯ ನಮ್ಮ ಸಂಶೋಧನಾ ಕ್ಷೇತ್ರದಲ್ಲಿ ಬೇರುಬಿಟ್ಟಿದೆ. ಅದನ್ನು ಕಿತ್ತೊಗೆಯುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಲೇಖಕರ ಹೆಸರು ಎಲ್ಲಿಯೂ ದೊರೆಯದ ಕಾರಣ ಅವರನ್ನು ಇನ್ನು ಮುಂದೆ ‘ಪೆನ್ಸಿಲಾಚಾರ್ಯರು’ ಎಂದು ಕರೆಯಲಾಗುವುದು.

ಕಾಲನಿರ್ಣಯ

ಶಾಸನದ ಕಾಲವನ್ನು ಲಿಪಿಯಿಂದ ನಿರ್ಧರಿಸುವುದು ವಾಡಿಕೆ. ಇಲ್ಲಿ ಧೂಳಿನಿಂದ ನಿರ್ಧರಿಸಲಾಗಿದೆ. ಸಂಡೂರಿನ ಅದಿರು ಹೊತ್ತ ಲಾರಿಗಳು ಹೊಸಪೇಟೆ ಸೀಮೆಯಲ್ಲಿ ಹಗಲಿರುಳೂ ಓಡುತ್ತಿದ್ದ ಕಾಲಕ್ಕೆ ಗಿಡ, ಗೋಡೆ, ಒಣಹಾಕಿದ ಪಂಚೆ ಎಲ್ಲವೂ ಕೆಂಪಾಗಿದ್ದವು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಆದ್ದರಿಂದ ಪುಸ್ತಕ ತಟ್ಟಿದಾಗ ಕೆಂಪು ಧೂಳು ಎದ್ದರೆ ಟಿಪ್ಪಣಿ ಅದಕ್ಕಿಂತ ಹಿಂದಿನದು. ಬರೀ ಧೂಳು ಎದ್ದರೆ ಈಚಿನದು. ಧೂಳೇ ಏಳದಿದ್ದರೆ ಅದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಪುಟದ ಮೂಲೆಗಳಲ್ಲಿರುವ ಎಣ್ಣೆಕಲೆಗಳು ಒಗ್ಗರಣೆ ಮಂಡಕ್ಕಿ–ಮಿರ್ಚಿಯವೆಂದು ಮೂಸಿ ಖಚಿತಪಡಿಸಿಕೊಳ್ಳಲಾಗಿದೆ. ಹಾಗಾಗಿ ಈ ವಾಙ್ಮಯವೆಲ್ಲ ಸಂಜೆ ಐದರ ನಂತರ ರಚಿತವಾದದ್ದೆಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಪತ್ತೇದಾರಿ ಕಾಂಡ

ಆಚಾರ್ಯರ ಸಾಹಿತ್ಯ ಮೀಮಾಂಸೆಯ ಮೂಲಸೂತ್ರ ಒಂದು ಹಳೆಯ ಕಾದಂಬರಿಯ ರಕ್ಷಾಪುಟದ ಒಳಬದಿಯಲ್ಲಿದೆ: “ಹತ್ತು ಪುಟದೊಳಗ ಹೆಣ ಬೀಳಬೇಕು. ಇಲ್ಲಾಂದ್ರ ಅದು ಸಾಮಾಜಿಕ.” ಈ ಸೂತ್ರವನ್ನು ಅವರು ಯಾವ ದಾಕ್ಷಿಣ್ಯವೂ ಇಲ್ಲದೆ ಎಲ್ಲ ಕಡೆ ಅನ್ವಯಿಸಿದ್ದಾರೆ. ಪರಿಣಾಮವಾಗಿ ಅನಂತಮೂರ್ತಿಯವರ ‘ಸಂಸ್ಕಾರ’ (1965) ಪತ್ತೇದಾರಿ ಸಾಲಿಗೆ ಸೇರಿದೆ. ಅಲ್ಲಿಯ ಟಿಪ್ಪಣಿ: “ಹೆಣ ಬಿತ್ತು, ಭೇಷ್. ಆದ್ರ ಸತ್ತದ್ದು ಹೆಂಗ ಅಂತ ಅಗ್ರಹಾರದಾಗ ಒಬ್ಬನೂ ಕೇಳವಲ್ಲ. ಸುಡಾಂವ ಯಾರು ಅಂತ ಜಗಳ ಹಚ್ಯಾರ.” ಮುಂದೆ ಪ್ಲೇಗಿನ ಸುಳಿವು ಸಿಕ್ಕ ಪುಟದಲ್ಲಿ ತೀರ್ಪು ಹೊರಬಿದ್ದಿದೆ: “ಆರೋಪಿ: ಇಲಿ. ಫೈಲ್ ಕ್ಲೋಸ್.” ನವ್ಯ ವಿಮರ್ಶೆ ಹಲವು ದಶಕ ಹೆಣಗಿದ ಕೃತಿಯನ್ನು ನಾಲ್ಕು ಪದದಲ್ಲಿ ಮುಗಿಸಿದ ನಿದರ್ಶನ ಬೇರೆಲ್ಲೂ ದೊರೆತಿಲ್ಲ.

ಆಚಾರ್ಯರ ಆರಾಧ್ಯ ದೈವ ಎನ್. ನರಸಿಂಹಯ್ಯನವರು. ನಾಲ್ಕನೇ ತರಗತಿವರೆಗೆ ಓದಿ, 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು, ಕನ್ನಡಿಗರಿಗೆ ರಾತ್ರಿ ನಿದ್ದೆಗೆಟ್ಟು ಓದುವ ಚಟ ಹತ್ತಿಸಿದವರು ಅವರು. ಪುರುಷೋತ್ತಮ, ಅರಿಂಜಯ ಮೊದಲಾದ ಅವರ ಪತ್ತೇದಾರರನ್ನು ಆಚಾರ್ಯರು ಏಕವಚನದಲ್ಲಿ ಕರೆದದ್ದೇ ಇಲ್ಲ. “ಅರಿಂಜಯ ಸಾಹೇಬರು ಬಂದ್ರು, ಇನ್ನ ಚಿಂತಿ ಇಲ್ಲ” ಎಂಬ ಉದ್ಗಾರ ಹಲವೆಡೆ ಇದೆ. ಠಾಣೆಯ ಮೇಲೆ ಇಲ್ಲದ ಈ ಭರವಸೆ ಕಾಗದದ ಪತ್ತೇದಾರರ ಮೇಲೆ ಏಕೆ ಎಂಬುದಕ್ಕೆ ಉತ್ತರವನ್ನೂ ಅವರೇ ಕೊಟ್ಟಿದ್ದಾರೆ: “ಇವರು ಕೊನೀ ಹಾಳ್ಯಾಗ ಲೆಕ್ಕಾ ಒಪ್ಪಿಸ್ತಾರ.”

ದುರಂತವೆಂದರೆ ಈ ವಾಚನಾಲಯದ ಪತ್ತೇದಾರಿಗಳಲ್ಲಿ ಬಹುಪಾಲಿಗೆ ಕೊನೆಯ ಹಾಳೆಯೇ ಇಲ್ಲ. ಮೂಗು ಮುರಿದ ವಿಗ್ರಹಕ್ಕೆ ಕಮಲಾಪುರದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಕೊನೆಯ ಹಾಳೆ ಹರಿದ ಕಾದಂಬರಿಗೆ ದಿಕ್ಕಿಲ್ಲ. ಆದ್ದರಿಂದ ಜೀರ್ಣೋದ್ಧಾರದ ಹೊಣೆಯನ್ನು ಆಚಾರ್ಯರೇ ಹೊತ್ತು, ಹಿಂಬದಿಯ ರಟ್ಟಿನ ಮೇಲೆ ಮುಕ್ತಾಯಗಳನ್ನು ಸ್ವತಃ ರಚಿಸಿದ್ದಾರೆ. ಪ್ರತಿಯೊಂದರಲ್ಲೂ ಕೊಲೆಗಾರ ಒಬ್ಬ ಗ್ರಂಥಪಾಲಕ. ಆಚಾರ್ಯರ ಮೇಲೆ ಹಿಂದೊಮ್ಮೆ ದಂಡ ಬಿದ್ದಿರಬಹುದೆಂಬ ವಾದಕ್ಕೆ ಇದು ಪುಷ್ಟಿ ಕೊಡುತ್ತದೆ.

ಚಲನಚಿತ್ರ ಕಾಂಡ

ಸಿನಿಮಾ ಕುರಿತ ಟಿಪ್ಪಣಿಗಳು ಹಳೆಯ ವಾರಪತ್ರಿಕೆಗಳ ಕಟ್ಟುಗಳಲ್ಲಿ ಲಭ್ಯವಿವೆ. ದೊರೆ–ಭಗವಾನ್ ಜೋಡಿಯ ‘ಜೇಡರ ಬಲೆ’ (1968) ಚಿತ್ರದ ಸಿ.ಐ.ಡಿ. 999ರ ಬಗ್ಗೆ ಆಚಾರ್ಯರ ಆಕ್ಷೇಪ ಒಂದೇ: “ಗುಪ್ತಚಾರ ಅಂತೀರಿ. ಮುಖ ನೋಡಿದ್ರ ಇಡೀ ಕರ್ನಾಟಕಕ್ಕ ಗೊತ್ತು, ರಾಜ್‌ಕುಮಾರ್ ಅಂತ.”

ಆದರೆ ಅವರನ್ನು ಜೀವಮಾನವಿಡೀ ಕಾಡಿದ್ದು ‘ಬಂಗಾರದ ಮನುಷ್ಯ’ (1972). ಈ ಚಿತ್ರದ ಕಥೆ ಟಿ.ಕೆ. ರಾಮರಾಯರ ಕಾದಂಬರಿ, ರಾಮರಾಯರೋ ಪತ್ತೇದಾರಿ ಬರವಣಿಗೆಯಲ್ಲಿ ಪಳಗಿದ ಕೈ. ಅಂಥವರು ಕೊನೆಯಲ್ಲಿ ನಾಯಕ ರಾಜೀವನನ್ನು ಮನೆ ಬಿಡಿಸಿ, ಎಲ್ಲಿಗೆ ಹೋದನೆಂದು ಹೇಳದೆ ಕೈತೊಳೆದುಕೊಂಡರು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಚಿತ್ರ ಎರಡು ವರ್ಷಕ್ಕೂ ಮಿಕ್ಕಿ ಓಡಿದ್ದು, ಈ ಸಲವಾದರೂ ಆತ ವಾಪಸು ಬಂದಾನೇ ಎಂದು ಜನ ಮತ್ತೆ ಮತ್ತೆ ನೋಡಲು ಹೋದದ್ದರಿಂದ ಎಂಬುದು ಆಚಾರ್ಯರ ಪ್ರಮೇಯ. ಆತ ನೇರವಾಗಿ ಕಂಪ್ಲಿಗೆ ಬಂದು, ಕಾಲುವೆ ಪಕ್ಕ ಗದ್ದೆ ಹಿಡಿದು ಭತ್ತ ಬೆಳೆಯುತ್ತಿದ್ದಾನೆಂದು ಅವರು ದೃಢವಾಗಿ ನಂಬಿದ್ದರು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಬರೆದ ಸಾಲಿನಲ್ಲಿ ಆತಂಕ ಎದ್ದು ಕಾಣುತ್ತದೆ: “ನೀರೆಲ್ಲಾ ಹೊಳಿಗೆ ಹೊಂಟೈತಿ. ರಾಜೀವಪ್ಪನ ಗದ್ದಿ ಗತಿ ಏನೋ.”

ರಾಜಕೀಯ ಕಾಂಡ

ರಾಜಕೀಯ ಗ್ರಂಥಗಳಲ್ಲಿ ಆಚಾರ್ಯರ ಪರೀಕ್ಷೆ ಪಾಸಾದವು ಎರಡೇ. ಮೊದಲನೆಯದು ಕೌಟಿಲ್ಯನ ಅರ್ಥಶಾಸ್ತ್ರ. ಅದರ ಓಲೆಪ್ರತಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು 1905ರಲ್ಲಿ, ಅಚ್ಚಾದದ್ದು 1909ರಲ್ಲಿ. “ಬೇಹಿನವರಿಗೆ ಪಾಠ ಹೇಳೋ ಪುಸ್ತಕ ತಾನ ಶತಮಾನಗಟ್ಲೆ ತಲಿ ಮರೆಸಿಕೊಂಡಿತ್ತು. ಇದಕ್ಕಿಂತ ಪ್ರಾಕ್ಟಿಕಲ್ ಬೇಕಾ?” ಎಂದು ಅವರು ಮೆಚ್ಚಿದ್ದಾರೆ.

ಎರಡನೆಯದು ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರಲ್ಲಿ ಕೊಟ್ಟ ವರದಿ. ಹತ್ತು ಪುಟದೊಳಗೆ ಹೆಣ ಬೀಳಬೇಕೆಂಬ ಸೂತ್ರವನ್ನು ಆಚಾರ್ಯರು ಸಡಿಲಿಸಿದ್ದು ಇಲ್ಲಿ ಮಾತ್ರ. ಯಾಕೆಂದರೆ ಇಲ್ಲಿ ಕಾಣೆಯಾದದ್ದು ಗುಡ್ಡ. ಮುಟ್ಟುಗೋಲು ಹಾಕಿಟ್ಟಿದ್ದ ಅದಿರು ಕೂಡ ಬೇಲೆಕೇರಿ ಬಂದರಿನಿಂದ ಮಾಯವಾದ ಭಾಗಕ್ಕೆ ಬಂದಾಗ, ಸಂಡೂರು ಗುಡ್ಡಗಳನ್ನು ದಿನಾ ನೋಡುವ ಮನುಷ್ಯ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಪೆನ್ಸಿಲ್ ಮೊನೆ ಮುರಿದುಕೊಂಡಿದ್ದಾರೆ.

ಉಳಿದಂತೆ ನಿವೃತ್ತ ರಾಜಕಾರಣಿಗಳ ಆತ್ಮಕಥೆಗಳ ಬಗ್ಗೆ ಅವರ ನಿಲುವು ಕಠಿಣ. “ಎಲ್ಲಾರೂ ಸಾಕ್ಷಿ, ಆರೋಪಿ ಒಬ್ಬನೂ ಇಲ್ಲ. ಸರ್ಕಾರ ಬಿತ್ತು ಅಂತಾನ, ಕೆಡವಿದ್ದು ಯಾರು ಅಂದ್ರ ಕಾಲ ಅಂತಾನ. ಕೊನೀ ಹಾಳಿ ಬರದಾಂವನ ಹರಕೊಂಡು ಹೋಗ್ಯಾನ.” ಪ್ರಸ್ತುತ ಪ್ರಬಂಧದ ಸಾರಸರ್ವಸ್ವ ಈ ಕೊನೆಯ ವಾಕ್ಯದಲ್ಲಿದೆ.

ಮಹಾಪ್ರಕರಣ

ಪತ್ತೇದಾರಿ, ಸಿನಿಮಾ, ರಾಜಕೀಯ ಮೂರೂ ಕೂಡುವ ತ್ರಿವೇಣಿ ಸಂಗಮ ತಿಮ್ಮರಸು ಪ್ರಕರಣ. ಕೃಷ್ಣದೇವರಾಯನ ಪುಟ್ಟ ಮಗ ಪಟ್ಟಕ್ಕೆ ಬಂದ ಕೆಲವೇ ತಿಂಗಳಲ್ಲಿ ತೀರಿಕೊಂಡ. ವಿಷವಿಟ್ಟದ್ದು ಮಂತ್ರಿ ತಿಮ್ಮರಸುವಿನ ಮಗನೆಂದು ರಾಜ ನಂಬಿ, ಮಂತ್ರಿಯನ್ನು ಸೆರೆಗೆ ಹಾಕಿ, ಕೊನೆಗೆ ಕಣ್ಣು ಕೀಳಿಸಿದ ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅದನ್ನು ಇಂಗ್ಲಿಷಿನಲ್ಲಿ 1900ರಲ್ಲಿ ಪ್ರಕಟಿಸಿದವನು ರಾಬರ್ಟ್ ಸೀವೆಲ್. ಆ ಪುಸ್ತಕದ ಕನ್ನಡ ಅನುವಾದದ ಅಂಚಿನಲ್ಲಿ ಆಚಾರ್ಯರು ಮರುತನಿಖೆ ನಡೆಸಿದ್ದಾರೆ: “ಸಾಕ್ಷಿ ಒಬ್ಬನ, ಅದೂ ಕುದುರಿ ಮಾರಾಂವ. ಕೂಸು ಜಡ್ಡಿನಿಂದ ಸತ್ತಿತು ಅಂತಾನ, ಆಮ್ಯಾಲೆ ವಿಷ ಅಂತ ತಿಳೀತು ಅಂತಾನ. ತಿಳಿಸಿದ್ದು ಯಾರು? ಆರೋಪ ಮಗನ ಮ್ಯಾಲೆ, ಕಣ್ಣು ಹೋದದ್ದು ಅಪ್ಪಂದೂ. ಆಮುಕ್ತಮಾಲ್ಯದದಾಗ ರಾಜನೀತಿ ಹೇಳಿದ ದೊರಿ ಇಷ್ಟ್ಯಾಕ ಅವಸರ ಮಾಡಿದ?”

ಇದೇ ಪುಟದಲ್ಲಿ ನೀಲಿ ಬಾಲ್‌ಪೆನ್ನಿನ ಎರಡನೆಯ ಕೈ ಕಾಣಿಸಿಕೊಳ್ಳುತ್ತದೆ: “ಸರ, ಶ್ರೀ ಕೃಷ್ಣದೇವರಾಯ ಸಿನಿಮಾ ನೋಡ್ರಿ, ತಿಮ್ಮರಸು ಎಂಥಾ ದೊಡ್ಡ ಮನುಷ್ಯ ಅಂತ ತಿಳೀತದ.” ಕೆಳಗೆ ಪೆನ್ಸಿಲ್ ಉತ್ತರ: “1970ರಾಗ ಆ ಸಿನಿಮಾ ತೆಗದಾಂವ ಬಿ.ಆರ್. ಪಂತುಲು. ತಿಮ್ಮರಸು ಆಗಿ ಪಾರ್ಟ್ ಮಾಡಿದಾಂವನೂ ಪಂತುಲು. ಆರೋಪಿನ ವಕೀಲಿಕಿ ಮಾಡಿದಂಗ ಆತಲ್ಲೋ ತಮ್ಮಾ.” ಬಾಲ್‌ಪೆನ್ ಪಟ್ಟು ಬಿಡದೆ, 1962ರ ತೆಲುಗು ‘ಮಹಾಮಂತ್ರಿ ತಿಮ್ಮರುಸು’ ಚಿತ್ರದ ತಿಮ್ಮರಸು ಪಾತ್ರಧಾರಿ ಗುಮ್ಮಡಿಯನ್ನು ಸಾಕ್ಷಿಗೆ ಕರೆದಿದೆ. ಅಷ್ಟರಲ್ಲಿ ಅಂಚು ಮುಗಿದು ವಿಚಾರಣೆಯನ್ನು ಮುಂದೂಡಲಾಗಿದೆ.

ಉಪಸಂಹಾರ

ಆಚಾರ್ಯರು ನೂರಕ್ಕೆ ನೂರು ಅಂಕ ಕೊಟ್ಟ ಪ್ರಕರಣ ಯಾವ ಪುಸ್ತಕದಲ್ಲೂ ಇಲ್ಲ. 2019ರಲ್ಲಿ ಹಂಪಿಯ ವಿಷ್ಣು ದೇವಾಲಯದ ಕಂಬವನ್ನು ಯುವಕರು ದೂಡಿ ಕೆಡವುವ ವಿಡಿಯೊ ಹರಿದಾಡಿತು. ಪೊಲೀಸರು ಹಿಡಿದರು, ನ್ಯಾಯಾಲಯ ದಂಡ ಹಾಕಿ, ಕೆಡವಿದ ಕೈಗಳಿಂದಲೇ ಕಂಬ ಎತ್ತಿ ನಿಲ್ಲಿಸುವಂತೆ ಮಾಡಿತು. ಪತ್ರಿಕೆಯ ತುಣುಕಿನ ಪಕ್ಕ ಆಚಾರ್ಯರ ಷರಾ: “ಸಿನಿಮಾ ಅವರ ತೆಗದಾರ, ಪತ್ತೆ ಪೊಲೀಸ್ರು ಮಾಡ್ಯಾರ, ಕೊನೀ ಹಾಳಿ ಜಡ್ಜ್ ಸಾಹೇಬ್ರು ಬರದಾರ. ಇದು ಪುಸ್ತಕ.” ವಿಜಯನಗರ ಸಾಮ್ರಾಜ್ಯ ಕೆಡವಿದವರು ಯಾರೆಂಬ ಪ್ರಶ್ನೆ 1565ರಿಂದ ಇತ್ಯರ್ಥವಾಗದ ಊರಿನ ಪಕ್ಕದಲ್ಲಿ, ಒಂದು ಕಂಬ ಕೆಡವಿದವರ ಹೆಸರಾದರೂ ಗೊತ್ತಾದ ಸಂತೋಷ ಅದು.

ಮೇಲಿನ ಚರ್ಚೆಯಿಂದ ಹೊರಡುವ ಶಿಫಾರಸು ಒಂದೇ. ಗ್ರಂಥಾಲಯಗಳು ರಾಜಕೀಯ ಆತ್ಮಕಥೆಗಳನ್ನು ಪತ್ತೇದಾರಿ ಕಪಾಟಿನಲ್ಲಿ, ‘ಅಪೂರ್ಣ’ ಎಂಬ ಚೀಟಿ ಅಂಟಿಸಿ ಇಡಬೇಕು.

ಶಾಸನಗಳು ಶಾಪಾಶಯದಿಂದ ಮುಗಿಯುವುದು ಪದ್ಧತಿ. ಆಚಾರ್ಯರೂ ಅದನ್ನು ಮೀರಿಲ್ಲ: “ಈ ಪುಸ್ತಕದ ಕೊನೀ ಹಾಳಿ ಹರಿದಾಂವ ಏಳೇಳು ಜನ್ಮ ಮಾಜಿ ಮಂತ್ರಿಗಳ ಆತ್ಮಕಥಿ ಓದಿ, ಅದರ ಬಿಡುಗಡೆ ಸಮಾರಂಭದಾಗ ಮುಂದಿನ ಸಾಲಿನಾಗ ಕೂಡ್ಲಿ.” ಶಾಪ ಫಲಿಸಿದೆಯೇ ಎಂದು ತಿಳಿಯಲು ಹೊಸಪೇಟೆಯ ಪುಸ್ತಕ ಬಿಡುಗಡೆಗಳಲ್ಲಿ ಮುಂದಿನ ಸಾಲಿನವರ ಸಮೀಕ್ಷೆ ನಡೆಸುವ ಪ್ರಸ್ತಾವ ಸಲ್ಲಿಕೆಯಾಗಿದೆ. ಅನುದಾನ ಬಂದ ಕೂಡಲೇ ಎರಡನೆಯ ಸಂಪುಟ ಹೊರಬರಲಿದೆ.